ನಾಯಿ ಮೈಮೇಲೆ ಕೀಟನಾಶಕ ಸ್ಪ್ರೇ ಬಿದ್ರೆ ಮೊದಲು ಏನ್ ಮಾಡ್ಬೇಕು

ಈಗಷ್ಟೇ ನಿಮ್ಮ ನಾಯಿ ಮೇಲೆ ಸ್ಪ್ರೇ ಬಿದ್ದು ಗಾಬರಿಲಿ ಇದನ್ನ ಓದ್ತಿದ್ರೆ ಮೂರೇ ಕೆಲಸ ಮಾಡಿ, ಉಳಿದಿದ್ದು ಆಮೇಲೆ ಓದಿ. ನಾಯಿನ ಆ ರೂಮಿಂದ ಹೊರಗೆ ಗಾಳಿ ಇರೋ ಕಡೆ ಕರ್ಕೊಂಡ್ ಬನ್ನಿ. ಮೈ, ಕಾಲು ನೆಕ್ಕೋಕೆ ಬಿಡ್ಬೇಡಿ. ಸ್ಪ್ರೇ ಡಬ್ಬಿನ ಕೈಲಿ ಹಿಡ್ಕೊಂಡು ಡಾಕ್ಟರ್‌ಗೆ ಫೋನ್ ಮಾಡಿ. ನಾಯಿಗೆ ಫಿಟ್ಸ್ ಬರ್ತಿದ್ರೆ, ಉಸಿರಾಡೋಕೆ ಒದ್ದಾಡ್ತಿದ್ರೆ, ಎಬ್ಬಿಸಿದ್ರೂ ಏಳದೆ ಬಿದ್ದಿದ್ರೆ ಇನ್ನೇನೂ ಯೋಚ್ನೆ ಮಾಡ್ಬೇಡಿ, ಒಂದು ಟವಲ್‌ನಲ್ಲಿ ಸುತ್ತಿ ನೇರ ಆಸ್ಪತ್ರೆಗೆ ಹೊರಡಿ, ಸ್ನಾನ ಅಲ್ಲೇ ಮಾಡಿಸ್ತಾರೆ.

ನಾನು ಇದನ್ನೆಲ್ಲ ಕಲ್ತಿದ್ದು ನಮ್ಮ ನಾಯಿ ರಾಣಿ ಇಂದ. ಜಿರಳೆ ಜಾಸ್ತಿ ಆಗಿದೆ ಅಂತ ಸಿಂಕ್ ಕೆಳಗೆ ಚೆನ್ನಾಗಿ ಸ್ಪ್ರೇ ಹೊಡೆದು ಬಾಗಿಲು ಹಾಕದೆ ಈಚೆ ಬಂದ್ಬಿಟ್ಟಿದ್ದೆ, ಅವಳಿಗೆ ಆ ತಂಪು ನೆಲ ಅಂದ್ರೆ ಇಷ್ಟ, ಹೋಗಿ ಅಲ್ಲೇ ಮಲಗಿದ್ಳು. ಅರ್ಧ ಗಂಟೆ ಆಗೋಷ್ಟ್ರಲ್ಲಿ ಬಾಯಿಂದ ಜೊಲ್ಲು ನೂಲಿನ ಥರ ಇಳೀತಿದೆ, ಕಿವಿ ಪಟಪಟ ಅದುರ್ತಿದೆ, ಮುಂಗಾಲನ್ನ ಏನೋ ಮೆತ್ತಿಕೊಂಡಿದೆ ಅನ್ನೋ ಹಾಗೆ ಒದರ್ತಾನೇ ಇದ್ಳು. ನಾನು ಏನೋ ಹುಳ ಕಚ್ಚಿದೆ ಅಂದ್ಕೊಂಡು ಒಂದು ಬಟ್ಟೇಲಿ ಮೈಯೆಲ್ಲ ತಿಕ್ಕಿ ಒರೆಸ್ದೆ, ಒಂದು ಬಟ್ಟಲು ಹಾಲು ಇಟ್ಟೆ. ಎರಡೂ ತಪ್ಪು. ಒಣ ಬಟ್ಟೇಲಿ ತಿಕ್ಕಿದ್ರಿಂದ ಹೊಟ್ಟೆ ಹತ್ರ ಇದ್ದ ಔಷಧಿ ಮೈಗೆಲ್ಲ ಹರಡ್ತು. ಫೋನ್‌ನಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಡಬ್ಬಿ ಮೇಲೆ ಯಾವ ಔಷಧಿ ಹೆಸರಿದೆ, ಎಷ್ಟು ಪರ್ಸೆಂಟ್ ಅಂತ, ಆದ್ರೆ ನಾನು ಖಾಲಿ ಡಬ್ಬಿನ ಆಗ್ಲೇ ಕಸಕ್ಕೆ ಹಾಕಿ ಆಗಿತ್ತು, ಕಸದ ಬುಟ್ಟಿ ಕೆದಕಿ ಹುಡುಕೋಕೇ ಹತ್ತು ನಿಮಿಷ ಹೋಯ್ತು. ರಾಣಿ ಮರುದಿನಕ್ಕೆ ಸರಿ ಹೋದ್ಳು. ಆದ್ರೆ ಆ ಹತ್ತು ನಿಮಿಷ ಯಾರಿಗೂ ಬೇಡ ಅಂತಾನೇ ಇಷ್ಟು ಉದ್ದ ಬರೀತಿದೀನಿ.

ಒಂದು ವಿಷಯ ಮೊದಲು ತಲೇಲಿ ಇಟ್ಕೊಳ್ಳಿ. ಈ ಔಷಧಿ ನಾಯಿ ಮೈಗೆ ಹೋಗೋದು ಮೂರು ದಾರೀಲಿ, ಮೂಗಿಂದ, ಚರ್ಮದಿಂದ, ನಾಲಿಗೆಯಿಂದ. ನಾವೆಲ್ಲ ಮೂಗಿನ ಬಗ್ಗೆ ಯೋಚ್ನೆ ಮಾಡ್ತೀವಿ, ವಾಸನೆ ಹೋಯ್ತಲ್ಲ ಇನ್ನೇನು ಅಂದ್ಕೋತೀವಿ. ಆದ್ರೆ ನಾಯಿ ವಿಷಯದಲ್ಲಿ ನಾಲಿಗೆನೇ ದೊಡ್ಡ ತೊಂದ್ರೆ. ಕೂದಲಿಗೆ, ಪಾದಕ್ಕೆ ಅಂಟಿದ್ದನ್ನ ಅದು ನೆಕ್ಕೀ ನೆಕ್ಕೀ ಹೊಟ್ಟೆಗೆ ಇಳಿಸ್ಕೊಳ್ಳತ್ತೆ, ಸ್ಪ್ರೇ ಹೊಡೆದು ಗಂಟೆ ಆದ್ಮೇಲೂ ಇದು ನಡೀತಾನೇ ಇರತ್ತೆ. ಹಾಗಾಗಿ ನೆಕ್ಕೋಕೆ ಮುಂಚೆ ತೊಳೀಬೇಕು. ಇದೊಂದು ಸರಿಯಾಗಿ ಆದ್ರೆ ಅರ್ಧ ಗೆದ್ದ ಹಾಗೆ.

ಹೊರಗೆ ತರೋದು

ರೂಮಲ್ಲಿ ಇನ್ನೂ ಮಂಜಿನ ಥರ ಸ್ಪ್ರೇ ತುಂಬಿದ್ರೆ ನೀವು ಮೂಗಿಗೆ ಬಟ್ಟೆ ಕಟ್ಕೊಂಡು ಒಳಗೆ ಹೋಗಿ, ಕಿಟಕಿ ಬಾಗಿಲು ತೆಗೀರಿ, ಒಲೆ ಲೈಟರ್ ಹಚ್ಬೇಡಿ, ಯಾಕಂದ್ರೆ ಒತ್ತಿ ಹೊಡೆಯೋ ಡಬ್ಬಿಗಳಲ್ಲಿ ಇರೋ ಗ್ಯಾಸ್‌ಗೆ ಬೆಂಕಿ ಹತ್ಕೊಳ್ಳತ್ತೆ. ಸಣ್ಣ ನಾಯಿ ಆದ್ರೆ ಎತ್ಕೊಳ್ಳಿ, ನಡೆಸ್ಬೇಡಿ, ಒದ್ದೆ ನೆಲದ ಮೇಲೆ ನಡೆದ್ರೆ ಪಾದಕ್ಕೆ ಇನ್ನಷ್ಟು ಮೆತ್ಕೊಳ್ಳತ್ತೆ. ಪಗ್, ಬುಲ್‌ಡಾಗ್ ಥರ ಮೂತಿ ಚಪ್ಪಟೆ ಇರೋ ನಾಯಿಗಳಿಗೆ ಮೊದ್ಲೇ ಉಸಿರಾಟ ಕಷ್ಟ, ಅವುಗಳಿಗೆ ಬರೀ ಗಾಳೀಲಿ ಎಳ್ಕೊಂಡಿದ್ದಕ್ಕೇ ಕೆಮ್ಮು, ಗೊರಗೊರ ಶುರುವಾಗ್ಬಹುದು, ಹಾಗಾಗಿ ಅವುಗಳ ವಿಷಯದಲ್ಲಿ ಸ್ವಲ್ಪ ಬೇಗ ಆಸ್ಪತ್ರೆ ಕಡೆ ಹೊರಡೋದು ಒಳ್ಳೇದು. ಮರಿಗಳು, ವಯಸ್ಸಾದವು, ಗರ್ಭಿಣಿ ನಾಯಿ, ಲಿವರ್ ತೊಂದ್ರೆ ಅಥವಾ ಫಿಟ್ಸ್ ಇರೋವು, ಇವಕ್ಕೂ ಹಾಗೇ.

ಕತ್ತಲ್ಲಿರೋ ಬೆಲ್ಟ್ ತೆಗೆದ್ಬಿಡಿ. ಬಟ್ಟೆದು, ಚರ್ಮದ್ದು ಯಾವ್ದೇ ಆದ್ರೂ ಔಷಧಿ ಹೀರ್ಕೊಂಡಿರತ್ತೆ, ನೀವು ಮೈ ತೊಳೆದು ಮತ್ತೆ ಅದೇ ಬೆಲ್ಟ್ ಹಾಕಿದ್ರೆ ಏನು ಪ್ರಯೋಜ್ನ. ಆ ಕ್ಷಣಕ್ಕೆ ನೆಕ್ಕದೆ ಇರೋ ಹಾಗೆ ಕತ್ತಿಗೆ ಹಾಕೋ ಕೋನ್ ಇದ್ರೆ ಹಾಕಿ, ಇಲ್ಲಾಂದ್ರೆ ಮನೇಲಿ ಇನ್ನೊಬ್ಬರು ಪಕ್ಕದಲ್ಲಿ ಕೂತು ತಲೆ ಹಿಡ್ಕೊಳ್ಲಿ. ಬಾಯಿಗೆ ಹಗ್ಗ, ಬಟ್ಟೆ ಕಟ್ಬೇಡಿ, ವಾಂತಿ ಬಂದ್ರೆ ಉಸಿರು ಕಟ್ಕೊಳ್ಳತ್ತೆ.

ಸ್ನಾನ

ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ಲೇಬೇಕು, ಯಾಕಂದ್ರೆ ಎಲ್ರೂ ಮಾಡೋದು ಇದನ್ನೇ, ಬಹಳ ಜನ ತಪ್ಪು ಮಾಡೋದೂ ಇದ್ರಲ್ಲೇ. ಮೊದಲು ನೀವು ರಬ್ಬರ್ ಗ್ಲೌಸ್ ಹಾಕೊಳ್ಳಿ, ನಿಮ್ಮ ಚರ್ಮಕ್ಕೂ ಅದು ಇಳಿಯತ್ತೆ, ಅದೂ ತೋಟಕ್ಕೆ ಹೊಡೆಯೋ ಔಷಧಿ ಆಗಿದ್ರೆ ಗ್ಲೌಸ್ ಇಲ್ಲದೆ ಮುಟ್ಲೇಬೇಡಿ. ಮಕ್ಳು, ಗರ್ಭಿಣಿಯರು ದೂರ ಇರ್ಲಿ.

ನೀರು ಉಗುರು ಬೆಚ್ಚಗೆ ಇರ್ಬೇಕು. ಬಿಸಿ ನೀರು ಹಾಕಿದ್ರೆ ಚರ್ಮಕ್ಕೆ ರಕ್ತ ಜಾಸ್ತಿ ಹರಿದು ಔಷಧಿ ಇನ್ನೂ ಬೇಗ ಒಳಗೆ ಹೋಗತ್ತೆ. ಹಾಗಂತ ಕೊರೆಯೋ ತಣ್ಣೀರೂ ಬೇಡ, ಅದಕ್ಕೆ ಇನ್ನೊಂದು ಕಾರಣ ಇದೆ, ಮನೇಲಿ ಬಳಸೋ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರೋ ಪೈರೆಥ್ರಾಯ್ಡ್ ಅನ್ನೋ ಜಾತಿ ಔಷಧಿ ಮೈ ತಣ್ಣಗಾದಷ್ಟೂ ನರಗಳ ಮೇಲೆ ಜೋರಾಗಿ ಕೆಲ್ಸ ಮಾಡತ್ತೆ. ತಣ್ಣೀರಲ್ಲಿ ನೆನೆದು ನಡುಗ್ತಿರೋ ನಾಯಿಗೆ ಅದು ಚಳಿ ನಡುಕನಾ ವಿಷದ ನಡುಕನಾ ಅನ್ನೋದೂ ಗೊತ್ತಾಗಲ್ಲ.

ಪಾತ್ರೆ ತೊಳೆಯೋ ಲಿಕ್ವಿಡ್ ಬಳಸಿ. ನಾಯಿ ಶಾಂಪೂ ಇದ್ರೂ ಈ ಒಂದ್ಸಲಕ್ಕೆ ಇದೇ ಮೇಲು, ಯಾಕಂದ್ರೆ ಈ ಔಷಧಿಗಳು ಎಣ್ಣೆಯಂಥ ದ್ರವದಲ್ಲಿ ಕರಗಿರತ್ವೆ, ಜಿಡ್ಡು ತೆಗೆಯೋ ಸೋಪೇ ಬೇಕು. ಉಣ್ಣೆ ಚಿಗಟ ಸಾಯ್ಸೋ ಶಾಂಪೂ ಅಂತೂ ಖಂಡಿತ ಬೇಡ, ಅದ್ರಲ್ಲೂ ಕೀಟನಾಶಕನೇ ಇರತ್ತೆ, ವಿಷದ ಮೇಲೆ ಇನ್ನೊಂದು ವಿಷ ಹಾಕಿದ ಹಾಗೆ. ಸೀಮೆಎಣ್ಣೆ, ಸ್ಪಿರಿಟ್, ಥಿನ್ನರ್ ಹಾಕಿ ಒರೆಸಿದ್ರೆ ಬೇಗ ಹೋಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅವೆಲ್ಲ ಚರ್ಮದೊಳಕ್ಕೆ ಔಷಧಿನ ಇನ್ನೂ ಎಳೀತವೆ.

ಮೊದಲು ನೀರು ಹರಿಸಿ, ಆಮೇಲೆ ನೊರೆ ಮಾಡಿ ಕೈಬೆರಳಲ್ಲೇ ಮೆಲ್ಲಗೆ ಉಜ್ಜಿ, ಬ್ರಷ್ ಬೇಡ, ಚರ್ಮ ಕೆರೆದ್ರೆ ಅಲ್ಲಿಂದಾನೂ ಒಳಗೆ ಹೋಗತ್ತೆ. ತಲೆ ಕಡೆಯಿಂದ ಹಿಂದಕ್ಕೆ ತೊಳೀತಾ ಬನ್ನಿ, ಕಣ್ಣಿಗೆ ಬಾಯಿಗೆ ನೊರೆ ಇಳಿಯದ ಹಾಗೆ ನೋಡ್ಕೊಳ್ಳಿ. ಹೊಟ್ಟೆ ಕೆಳಗೆ, ಬಾಲದ ಬುಡ, ಕಾಲ್ಬೆರಳ ಸಂದಿ, ಪಾದದ ಅಡಿಯ ಮೆತ್ತೆ ಇವನ್ನ ಬಿಡ್ಬೇಡಿ, ನೆಲಕ್ಕೆ ಹೊಡೆದ ಸ್ಪ್ರೇ ಮೆತ್ಕೊಳ್ಳೋದು ಅಲ್ಲೇ. ಒಂದ್ಸಲ ತೊಳೆದು ವಾಸನೆ ಇನ್ನೂ ಇದ್ರೆ ಮತ್ತೊಂದ್ಸಲ ಮಾಡಿ. ಕೂದಲು ದಟ್ಟ ಇರೋ ನಾಯಿ ಆದ್ರೆ ಎರಡು ಸಲ ಬೇಕೇ ಬೇಕು. ಆಮೇಲೆ ಸೋಪು ಪೂರ್ತಿ ಹೋಗೋವರೆಗೂ ನೀರು, ಒಣ ಟವಲ್‌ನಲ್ಲಿ ಒತ್ತಿ ಒತ್ತಿ ಒರೆಸಿ, ಬೆಚ್ಚಗೆ ಹೊದಿಸಿ. ಒದ್ದೆ ಮೈಲಿ ಫ್ಯಾನ್ ಕೆಳಗೆ ಬಿಡ್ಬೇಡಿ.

ಜಾಗ ಸಣ್ಣದಾಗಿದ್ರೆ, ಅಂದ್ರೆ ಬೆನ್ನ ಮೇಲೆ ಒಂದೆರಡು ಹನಿ ಬಿದ್ದಿದ್ರೆ ಅಷ್ಟು ಜಾಗ ಮಾತ್ರ ಸೋಪು ನೀರಲ್ಲಿ ತೊಳೆದ್ರೆ ಸಾಕು. ಸುಮ್ನೆ ಇಡೀ ಮೈಗೆ ಹರಡೋದು ಬೇಡ.

ಕಣ್ಣು, ಬಾಯಿ

ಕಣ್ಣಿಗೆ ಬಿದ್ದಿದ್ರೆ ಸ್ನಾನಕ್ಕಿಂತ ಮುಂಚೆ ಕಣ್ಣು. ಬೆಚ್ಚಗಿನ ಶುದ್ಧ ನೀರು ಅಥವಾ ಸಲೈನ್ ಇದ್ರೆ ಅದನ್ನ ಮೂಗಿನ ಕಡೆಯಿಂದ ಹೊರಗಡೆಗೆ ಹರಿಯೋ ಹಾಗೆ ಮೆಲ್ಲಗೆ ಹಾಕ್ತಾ ಇರಿ, 15 ನಿಮಿಷ. ನಾಯಿ ಸುಮ್ನೆ ಇರಲ್ಲ, ಗೊತ್ತು, ನಡುವೆ ಬಿಟ್ಟು ಬಿಟ್ಟು ಮಾಡಿ. ಆಮೇಲೂ ಕಣ್ಣು ಮುಚ್ಕೊಂಡೇ ಇದ್ರೆ, ಕೆಂಪಗಿದ್ರೆ, ಉಜ್ಜಿಕೊಳ್ತಿದ್ರೆ ಅವತ್ತೇ ತೋರಿಸಿ. ಮನೇಲಿರೋ ಮನುಷ್ಯರ ಕಣ್ಣಿನ ಡ್ರಾಪ್ಸ್ ಹಾಕ್ಬೇಡಿ, ಸ್ಟೀರಾಯ್ಡ್ ಇರೋ ಡ್ರಾಪ್ಸ್ ಆಗಿದ್ದು ಒಳಗೆ ಗಾಯ ಇದ್ರೆ ಕಣ್ಣೇ ಹಾಳಾಗತ್ತೆ.

ಬಾಯಿಗೆ ಹೋಗಿದ್ರೆ ಒದ್ದೆ ಬಟ್ಟೆ ಬೆರಳಿಗೆ ಸುತ್ಕೊಂಡು ಒಸಡು, ನಾಲಿಗೆ ಒರೆಸಿ, ಎಚ್ಚರ ಚೆನ್ನಾಗಿದ್ದು ತಾನಾಗೇ ಕುಡಿಯೋ ಹಾಗಿದ್ರೆ ಸ್ವಲ್ಪ ನೀರು ಇಡಿ. ಅಷ್ಟೇ. ಫಿಟ್ಸ್ ಬರ್ತಿರೋ, ಜೋರಾಗಿ ನಡುಗ್ತಿರೋ ನಾಯಿ ಬಾಯಿಗಂತೂ ಕೈ ಹಾಕ್ಬೇಡಿ.

ದಯವಿಟ್ಟು ವಾಂತಿ ಮಾಡ್ಸೋಕೆ ಹೋಗ್ಬೇಡಿ. ಉಪ್ಪು ನೀರು ಕುಡಿಸೋದು, ಗಂಟಲಿಗೆ ಬೆರಳು ಹಾಕೋದು, ಗಾಯ ತೊಳೆಯೋ ಹೈಡ್ರೋಜನ್ ಪೆರಾಕ್ಸೈಡ್ ಕೊಡೋದು ಯಾವ್ದೂ ಬೇಡ. ಸ್ಪ್ರೇಗಳಲ್ಲಿ ಔಷಧಿ ಜೊತೆ ಸೀಮೆಎಣ್ಣೆ ಜಾತಿಯ ದ್ರವ ಇರತ್ತೆ, ಅದು ವಾಂತಿ ಆಗೋವಾಗ ಒಂದು ಚೂರು ಶ್ವಾಸಕೋಶಕ್ಕೆ ಇಳಿದ್ರೂ ನ್ಯುಮೋನಿಯಾ ಆಗತ್ತೆ, ಎಷ್ಟೋ ಸಲ ಕೀಟನಾಶಕಕ್ಕಿಂತ ಅದೇ ದೊಡ್ಡ ಕಾಯಿಲೆ ಆಗಿ ಕೂರತ್ತೆ. ಉಪ್ಪು ನೀರಂತೂ ತಾನೇ ಒಂದು ವಿಷ, ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೆ ಹೊಡೆಯತ್ತೆ. ಎಣ್ಣೆ, ತುಪ್ಪ ಕುಡಿಸೋದೂ ಹಾಗೇ, ಈ ಔಷಧಿಗಳಲ್ಲಿ ಹೆಚ್ಚಿನವು ಜಿಡ್ಡಿನಲ್ಲಿ ಕರಗೋವು, ಕರುಳಿಂದ ಇನ್ನೂ ಸಲೀಸಾಗಿ ಒಳಗೆ ಹೋಗ್ತವೆ. ಹಾಲು ವಿಷ ಮುರಿಯತ್ತೆ ಅನ್ನೋದು ಬರೀ ನಂಬಿಕೆ, ಇದ್ದಿಲು ಪುಡಿ ಕೂಡ ಡಾಕ್ಟರ್ ನೋಡಿ ಕೊಡ್ಬೇಕಾದ್ದು. ಮನುಷ್ಯರ ಮಾತ್ರೆ ಬೇಡ, ನೋವಿನ ಮಾತ್ರೆ, ಅಲರ್ಜಿ ಮಾತ್ರೆ ಯಾವ್ದೂ.

ಡಬ್ಬಿ ಮೇಲೆ ಏನಿದೆ

ಡಬ್ಬಿ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿ ಹೆಸರು, ಪಕ್ಕದಲ್ಲಿ ಪರ್ಸೆಂಟ್ ಇರತ್ತೆ. ಅದರ ಫೋಟೋ ತೆಗೆದು ಡಾಕ್ಟರ್‌ಗೆ ಕಳ್ಸಿ, ಡಬ್ಬಿನೂ ಕವರ್‌ನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಬ್ರ್ಯಾಂಡ್ ಹೆಸರು ಸಾಲಲ್ಲ, ಒಂದೇ ಬ್ರ್ಯಾಂಡ್‌ನಲ್ಲಿ ಬೇರೆ ಬೇರೆ ಔಷಧಿ ಇರೋ ಡಬ್ಬಿಗಳು ಇರ್ತವೆ.

ಹೆಸರು ಥ್ರಿನ್ ಅಂತ ಮುಗಿದ್ರೆ, ಅಂದ್ರೆ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಇಮಿಪ್ರೋಥ್ರಿನ್, ಅಲ್ಲೆಥ್ರಿನ್ ಇಂಥವು, ಅದು ಪೈರೆಥ್ರಾಯ್ಡ್. ಇದು ನರದೊಳಗೆ ಸೋಡಿಯಂ ಬಿಡೋ ಸಣ್ಣ ಬಾಗಿಲನ್ನ ಮುಚ್ಚೋಕೆ ಬಿಡಲ್ಲ, ನರ ಒಂದ್ಸಲ ಕೊಡಬೇಕಾದ ಸಂದೇಶನ ಮತ್ತೆ ಮತ್ತೆ ಕೊಡ್ತಾ ಇರತ್ತೆ, ಅದಕ್ಕೇ ಕಿವಿ ಅದುರೋದು, ಚರ್ಮ ಜುಮುಜುಮು ಅಂದು ಕಾಲು ಒದರೋದು, ಮೈ ಉಜ್ಜೋದು, ಜೊಲ್ಲು. ಜೊಲ್ಲಿಗೆ ಇನ್ನೊಂದು ಕಾರಣ ಔಷಧಿಯ ಕಹಿ ರುಚಿ, ಅಷ್ಟಕ್ಕೇ ಆಗಿದ್ರೆ ಸಾಮಾನ್ಯವಾಗಿ ತೊಳೆದ ಮೇಲೆ ಇಳಿಯತ್ತೆ. ಮೈಯೆಲ್ಲ ನಡುಕ, ತೂರಾಡೋದು, ಫಿಟ್ಸ್ ಬಂದ್ರೆ ಮಾತ್ರ ಅದು ಒಳಗೆ ಜಾಸ್ತಿ ಹೋಗಿದೆ ಅಂತ ಅರ್ಥ. ನಾಯಿಗಳ ಲಿವರ್ ಈ ಜಾತಿ ಔಷಧಿನ ಸುಮಾರಾಗಿ ಒಡೆದು ಹಾಕತ್ತೆ, ಬೆಕ್ಕುಗಳ ಲಿವರ್‌ಗೆ ಆ ಶಕ್ತಿ ಬಹಳ ಕಮ್ಮಿ, ಮನೇಲಿ ಬೆಕ್ಕೂ ಇದ್ರೆ ಒದ್ದೆ ನಾಯಿ ಹತ್ರ ಬಿಡ್ಬೇಡಿ, ನಾಯಿ ಮೈ ನೆಕ್ಕಿ ಬೆಕ್ಕಿಗೆ ಪ್ರಾಣಕ್ಕೇ ಬರ್ಬಹುದು. ಮೀನಿನ ತೊಟ್ಟಿ ಇದ್ರೆ ಅದನ್ನೂ ಮುಚ್ಚಿ, ಮೀನಿಗೆ ಇದು ಇನ್ನೂ ಕೆಟ್ಟದ್ದು.

ಕ್ಲೋರ್‌ಪೈರಿಫಾಸ್, ಡೈಕ್ಲೋರ್‌ವಾಸ್, ಮ್ಯಾಲಾಥಿಯಾನ್ ಅಂತ ಇದ್ರೆ ಅದು ಆರ್ಗನೋಫಾಸ್ಫೇಟ್, ಪ್ರೊಪಾಕ್ಸರ್, ಮೆಥೋಮಿಲ್, ಕಾರ್ಬರಿಲ್ ಅಂತಿದ್ರೆ ಕಾರ್ಬಮೇಟ್. ಈ ಎರಡು ಜಾತಿ ಬಗ್ಗೆ ನಂಗೆ ನಿಜವಾಗ್ಲೂ ಭಯ. ಇವು ನರದ ಸಂದೇಶನ ನಿಲ್ಸೋ ಕೋಲಿನೆಸ್ಟರೇಸ್ ಅನ್ನೋ ಎನ್ಜೈಮನ್ನ ಕಟ್ಟಿಹಾಕ್ತವೆ, ಆಗ ಮೈಯಲ್ಲಿ ಎಲ್ಲ ಕಡೆಯಿಂದ ನೀರು ಹರಿಯೋಕೆ ಶುರುವಾಗತ್ತೆ: ಜೊಲ್ಲು, ಕಣ್ಣೀರು, ತಡೆಯಿಲ್ಲದೆ ಉಚ್ಚೆ, ಭೇದಿ, ವಾಂತಿ, ಶ್ವಾಸನಾಳದಲ್ಲಿ ಲೋಳೆ. ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟು ಚಿಕ್ಕದಾಗತ್ತೆ, ಎದೆಬಡಿತ ನಿಧಾನ ಆಗತ್ತೆ, ಮಾಂಸಖಂಡ ಚರ್ಮದ ಕೆಳಗೆ ಹುಳ ಹರಿದ ಹಾಗೆ ಮಿಡಿಯತ್ತೆ. ಇವೆಲ್ಲ ಒಟ್ಟಿಗೆ ಬರ್ಬೇಕು ಅಂತೇನಿಲ್ಲ, ಎರಡು ಮೂರು ಕಂಡ್ರೂ ಹೊರಡಿ. ಡಬ್ಬೀಲಿ ಈ ಹೆಸರಿದ್ದು ನಾಯಿ ಚೆನ್ನಾಗೇ ಓಡಾಡ್ತಿದ್ರೂ ತೊಳೆದು ಅವತ್ತೇ ಡಾಕ್ಟರ್ ಹತ್ರ ಹೋಗಿ, ಚರ್ಮದಿಂದ ಹೋದಾಗ ಲಕ್ಷಣ ಗಂಟೆಗಟ್ಲೆ ತಡವಾಗಿ ಬರೋದುಂಟು. ಆರ್ಗನೋಫಾಸ್ಫೇಟ್ ಆ ಎನ್ಜೈಮ್‌ಗೆ ಹೊತ್ತು ಹೋದ ಹಾಗೆ ಬಿಡಿಸೋಕಾಗದಷ್ಟು ಗಟ್ಟಿಯಾಗಿ ಅಂಟ್ಕೊಳ್ಳತ್ತೆ, ಅದನ್ನ ಬಿಡಿಸೋ ಔಷಧಿ ಬೇಗ ಕೊಟ್ಟಷ್ಟೂ ಕೆಲ್ಸ ಮಾಡತ್ತೆ.

ಇನ್ನು ಪರ್ಸೆಂಟ್. ಇದನ್ನ ಯಾರೂ ನೋಡಲ್ಲ, ಆದ್ರೆ ಇದೇ ಮುಖ್ಯ. 0.1 ಪರ್ಸೆಂಟ್ ಇರೋ ಸ್ಪ್ರೇ ಅಂದ್ರೆ ಒಂದು ಎಂಎಲ್‌ನಲ್ಲಿ 1 ಮಿಲಿಗ್ರಾಂ ಔಷಧಿ. ನೀರಿಗೆ ಕಲಸಿ ಹೊಡೆಯೋ 10 ಪರ್ಸೆಂಟ್ ದ್ರಾವಣ ಅಂದ್ರೆ ಒಂದು ಎಂಎಲ್‌ನಲ್ಲಿ 100 ಮಿಲಿಗ್ರಾಂ. 10 ಕೆಜಿ ನಾಯಿ ಮೇಲೆ ಒಂದು ಟೀ ಚಮಚದಷ್ಟು, 5 ಎಂಎಲ್, ಚೆಲ್ಲಿದೆ ಅಂದ್ಕೊಳ್ಳಿ, ಮೊದಲ್ನೇದ್ರಲ್ಲಿ ಕೆಜಿಗೆ ಅರ್ಧ ಮಿಲಿಗ್ರಾಂ, ಎರಡನೇದ್ರಲ್ಲಿ ಕೆಜಿಗೆ 50 ಮಿಲಿಗ್ರಾಂ, ನೂರು ಪಟ್ಟು ವ್ಯತ್ಯಾಸ. ಅದಕ್ಕೇ ಮನೆಯ ಸ್ಪ್ರೇ ಗಾಳೀಲಿ ತಾಗಿದ್ದು ಒಂದು ಮಾತು, ಕಲಸೋಕೆ ಅಂತ ಇಟ್ಟಿದ್ದ ಬಾಟಲಿ ಉರುಳಿ ಮೈಮೇಲೆ ಚೆಲ್ಲಿದ್ದು ಪೂರ್ತಿ ಬೇರೆ ಮಾತು. ಎರಡನೇದು ಆಗಿದ್ರೆ ಲಕ್ಷಣಕ್ಕೆ ಕಾಯ್ಬೇಡಿ.

ಡಾಕ್ಟರ್‌ಗೆ ಹೇಳ್ಬೇಕಾದ್ದು ಇಷ್ಟು: ಔಷಧಿ ಹೆಸರು ಮತ್ತು ಪರ್ಸೆಂಟ್, ಎಷ್ಟು ಗಂಟೆಗೆ ಆಯ್ತು, ಅಂದಾಜು ಎಷ್ಟು, ಮೈಮೇಲೆ ಬಿತ್ತಾ ನೆಕ್ತಾ ಎಳ್ಕೊಳ್ತಾ, ನಾಯಿ ತೂಕ ವಯಸ್ಸು, ಈಗ ಏನ್ ಮಾಡ್ತಿದೆ. ಇತ್ತೀಚೆಗೆ ಉಣ್ಣೆಗೆ ಅಂತ ಬೆನ್ನಿಗೆ ಹನಿ ಔಷಧಿ ಹಾಕಿದ್ರೆ, ಉಣ್ಣೆ ಹತ್ತದ ಹಾಗೆ ಹಾಕೋ ಔಷಧಿ ಬೆಲ್ಟ್ ಇದ್ರೆ ಅದನ್ನ ಮರೀದೆ ಹೇಳಿ, ಅದೂ ಇದೇ ಜಾತಿ ಔಷಧಿ ಆಗಿದ್ರೆ ಎರಡೂ ಕೂಡಿಕೊಳ್ಳತ್ತೆ. ನಾಯಿ ನಡುಗೋದು, ನಡೆಯೋದು ಒಂದು ಅರ್ಧ ನಿಮಿಷ ವಿಡಿಯೋ ಮಾಡ್ಕೊಳ್ಳಿ, ಬಾಯಲ್ಲಿ ಹೇಳೋಕಿಂತ ಅದು ಬೇಗ ಅರ್ಥ ಆಗತ್ತೆ.

ದಾರೀಲಿ ಫಿಟ್ಸ್ ಬಂದ್ರೆ ಹಿಡಿದು ಅದುಮ್ಬೇಡಿ, ತಲೆ ತಾಗದ ಹಾಗೆ ಸುತ್ತ ಬಟ್ಟೆ ಇಡಿ, ಬೆಳಕು ಶಬ್ದ ಕಮ್ಮಿ ಮಾಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದ್ರೆ ಅಥವಾ ಒಂದು ನಿಂತು ಎಚ್ಚರ ಆಗೋ ಮುಂಚೆ ಇನ್ನೊಂದು ಬಂದ್ರೆ ಅದು ಪ್ರಾಣಕ್ಕೆ ಅಪಾಯ, ಆಸ್ಪತ್ರೆಗೆ ಮುಂಚೇನೇ ಫೋನ್ ಮಾಡಿ ಬರ್ತಿದೀವಿ ಅಂತ ಹೇಳ್ಬಿಡಿ, ಅವ್ರು ರೆಡಿ ಇರ್ತಾರೆ. ಅಲ್ಲಿ ನಡುಕಕ್ಕೆ ಮೆಥೊಕಾರ್ಬಮಾಲ್, ಫಿಟ್ಸ್‌ಗೆ ಡಯಾಜೆಪಾಮ್ ಥರದ್ದು, ಡ್ರಿಪ್, ಆರ್ಗನೋಫಾಸ್ಫೇಟ್ ಆದ್ರೆ ಲೋಳೆ, ಜೊಲ್ಲು ತಡೆಯೋ ಅಟ್ರೋಪಿನ್ ಜೊತೆ ಆ ಎನ್ಜೈಮನ್ನ ಬಿಡಿಸೋ ಪ್ರಾಲಿಡಾಕ್ಸಿಮ್ ಕೊಡ್ತಾರೆ. ಅಟ್ರೋಪಿನ್ ಎಲ್ಲಾದ್ರೂ ಸಿಗತ್ತೆ ಅಂತ ನೀವೇ ಚುಚ್ಚೋಕೆ ಹೋಗ್ಬೇಡಿ, ಎಷ್ಟು ಕೊಡ್ಬೇಕು ಅನ್ನೋದು ಎದೆಬಡಿತ, ಶ್ವಾಸಕೋಶದ ಲೋಳೆ ನೋಡ್ಕೊಂಡು ಕ್ಷಣ ಕ್ಷಣ ತೀರ್ಮಾನ ಮಾಡೋದು.

ಮನೇಲೇ ನೋಡ್ಕೊಳ್ಳಿ ಅಂತ ಹೇಳಿದ್ರೆ

24 ಗಂಟೆ ಒಬ್ರು ಜೊತೆಗೆ ಇರಿ. ಪೈರೆಥ್ರಾಯ್ಡ್ ಆದ್ರೆ ಲಕ್ಷಣ ಸಾಮಾನ್ಯವಾಗಿ ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಶುರುವಾಗಿ ಒಂದರಿಂದ ಮೂರು ದಿನದಲ್ಲಿ ಇಳಿಯತ್ತೆ. ಮಲಗಿದ್ದಾಗ ಎದೆ ಏರಿಳಿಯೋದನ್ನ ಒಂದು ನಿಮಿಷ ಎಣಿಸಿ, 30 ದಾಟ್ತಾ ಇದ್ರೆ ಗಮನ ಕೊಡಿ. ತುಟಿ ಎತ್ತಿ ಒಸಡು ನೋಡಿ, ಗುಲಾಬಿ ಬಣ್ಣ ಇರ್ಬೇಕು, ಬೆರಳಲ್ಲಿ ಒತ್ತಿ ಬಿಟ್ರೆ ಬಿಳಿಯಾದ ಜಾಗ 2 ಸೆಕೆಂಡ್ ಒಳಗೆ ಮತ್ತೆ ಗುಲಾಬಿ ಆಗ್ಬೇಕು. ಒಸಡು ಹುಟ್ಟಿನಿಂದಲೇ ಕಪ್ಪಾಗಿದ್ರೆ ಕೆಳಗಿನ ಕಣ್ರೆಪ್ಪೆ ಒಳಭಾಗ ನೋಡಿ. ಥರ್ಮಾಮೀಟರ್ ಇದ್ರೆ ಹಿಂಭಾಗದಿಂದ ನೋಡಿದಾಗ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ನಾಯಿಗೆ ಮಾಮೂಲು. ನಡುಗಿ ನಡುಗಿ 40 ದಾಟಿದ್ರೂ ಹೊರಡಿ, 37.5ಕ್ಕಿಂತ ಕೆಳಗಿಳಿದ್ರೆ ಬೆಚ್ಚಗೆ ಮಾಡ್ತಾ ಫೋನ್ ಮಾಡಿ.

ನಡುಕ ಪೂರ್ತಿ ನಿಂತು, ತಾನಾಗೇ ಎದ್ದು ಓಡಾಡೋವರೆಗೂ ಊಟ ಹಾಕ್ಬೇಡಿ, ಆಮೇಲೆ ಸ್ವಲ್ಪ ಸ್ವಲ್ಪ. ಕ್ಲೋರ್‌ಪೈರಿಫಾಸ್ ಥರದ್ದಾಗಿದ್ರೆ ಚೇತರಿಸ್ಕೊಂಡಿದೆ ಅನ್ನಿಸಿದ ಮೇಲೂ ಮೂರ್ನಾಲ್ಕು ದಿನ ಕಣ್ಣಿಟ್ಟಿರಿ, ಕತ್ತು ಎತ್ತೋಕಾಗದ ಹಾಗೆ, ಕಾಲಲ್ಲಿ ಶಕ್ತಿ ಇಲ್ಲದ ಹಾಗೆ ಆಗೋದು ಆ ದಿನಗಳಲ್ಲೇ. ಅದನ್ನ ಸುಸ್ತು ಅಂತ ಬಿಟ್ಬಿಡ್ಬೇಡಿ.

ಈ ಮಧ್ಯೆ ಮನೆ ಕಡೆನೂ ನೋಡಿ. ಅದರ ನೀರಿನ ಬಟ್ಟಲು, ಊಟದ ತಟ್ಟೆ, ಕಚ್ಚೋ ಆಟಿಕೆ ಸೋಪು ಹಾಕಿ ತೊಳೀರಿ, ಮಲಗೋ ಬಟ್ಟೆ ಬೇರೆಯಾಗಿ ಒಗೀರಿ, ನಿಮ್ಮ ಬಟ್ಟೆ ಜೊತೆ ಹಾಕ್ಬೇಡಿ. ಸ್ನಾನಕ್ಕೆ ಬಳಸಿದ ಟವಲ್ ಕೂಡ. ಚರ್ಮದ ಬೆಲ್ಟ್ ಆಗಿದ್ರೆ ನಾನಾದ್ರೆ ಬಿಸಾಕ್ತೀನಿ, ಅದ್ರಿಂದ ಪೂರ್ತಿ ಹೋಗಲ್ಲ. ಸ್ಪ್ರೇ ಹೊಡೆದ ನೆಲ ಒಣಗಿದೆ ಅಂದ್ರೂ ಪೈರೆಥ್ರಾಯ್ಡ್ ಮನೆಯೊಳಗೆ ಬಿಸಿಲು ಬೀಳದ ಕಡೆ ವಾರಗಟ್ಲೆ ಉಳಿಯತ್ತೆ, ನಾಯಿ ಮಲಗೋ, ನಡೆಯೋ ಜಾಗನ ಸೋಪು ನೀರಲ್ಲಿ ಎರಡು ಸಲ ಒರೆಸಿ. ಸಿಂಕ್ ಕೆಳಗೆ, ಕಪಾಟು ಹಿಂದೆ ಥರದ ಒರೆಸೋಕಾಗದ ಮೂಲೆಗಳಿಗೆ ಏನಾದ್ರೂ ಅಡ್ಡ ಇಡಿ. ಲೇಬಲ್ ಮೇಲೆ ಎಷ್ಟು ಹೊತ್ತು ಒಳಗೆ ಬರ್ಬಾರ್ದು ಅಂತ ಬರೆದಿದ್ದಾರೋ ಅಷ್ಟು ಹೊತ್ತು ಪೂರ್ತಿ ಕಾದು, ಕಿಟಕಿ ತೆಗೆದು ಗಾಳಿ ಆಡಿದ ಮೇಲೇನೇ ನಾಯಿನ ಒಳಗೆ ಬಿಡಿ. ರಾಣಿಗೆ ಈಗ್ಲೂ ಆ ಸಿಂಕ್ ಕೆಳಗಿನ ಜಾಗನೇ ಬೇಕು, ಅಲ್ಲಿಗೆ ಒಂದು ಚಿಲಕ ಇರೋ ಬಾಗಿಲು ಹಾಕ್ಸಿದೀನಿ, ಜಿರಳೆಗೆ ಸ್ಪ್ರೇ ಹೊಡೆಯೋದು ನಿಲ್ಸಿ ಅವಳ ಮೂತಿ ತಲುಪದ ಸಂದಿಯೊಳಗೆ ಜಿರಳೆ ಜೆಲ್ ಹಚ್ತೀನಿ.